ಮುತ್ಯಾ ಸೈಕಲ್ ಇಳಿದ ಜಾಗಗಳು

ಸೆಪ್ಟೆಂಬರ್ 14, ಭಾನುವಾರ. ಬೀದರ

ಇವತ್ತೂ ಕೋಟೆಯ ತನಕ. ಚೌಬಾರಾ ಹತ್ತಿರ ಮಗ ಅಶ್ವಜಿತನ ಚೈನ್ ಮತ್ತೆ ಬಿತ್ತು. ಹದಿಮೂರರ ಹುಡುಗ, ಕೈಗೆ ಎಣ್ಣೆ ಹತ್ತುತ್ತದೆ ಅಂತ ಮುಟ್ಟಲಿಲ್ಲ. ಬೈದೆ. ಅವನ ತಂಗಿ ಮಹಾಮಾಯಾ ರಸ್ತೆಯಲ್ಲೇ ಕುಳಿತು ಏರಿಸಿಕೊಟ್ಟಳು. ಒಂಬತ್ತು ವರ್ಷ ಅವಳಿಗೆ. ಬೆರಳೂ ಕಪ್ಪು, ಮೂಗೂ ಕಪ್ಪು.

ದಸರಾ ರಜೆಗೆ ಶ್ರೀಲಂಕಾ. ಅಲ್ಲೇ ಸೈಕಲ್ ಬಾಡಿಗೆ ಹಿಡಿದು ಅನುರಾಧಪುರದ ಸುತ್ತ ತುಳಿಯುವುದು. ಐಡಿಯಾ ನನ್ನದು. ಬೈಗುಳವೂ ನನಗೇ.

ಅತ್ತೆ ಕೌಸಲ್ಯಾಬಾಯಿ: "ಹೊಟ್ಟಿ ಕಟ್ಟಿ ಮಕ್ಕಳಿಗಿ ಓದ್ಸಿದ್ದು ಕಾರಿನ್ಯಾಗ ಅಡ್ಡಾಡ್ಲಿ ಅಂತ. ಇವರು ನೋಡಿದ್ರ ಇಮಾನ ಹತ್ತಿ ಹೋಗಿ ಸೈಕಲ್ ತುಳೀತಾರಂತ."

ಬ್ಯಾಂಕಿನ ಭಾಲ್ಕಿ ಬ್ರಾಂಚಿನಲ್ಲಿ ನನ್ನ ಪಕ್ಕದ ಕೌಂಟರಿನ ಗೋರಖನಾಥ: "ಮೇಡಂ, ಅಲ್ಲಿ ಬಸ್ ಇಲ್ಲೇನ್ರಿ?"

"ಅದಾವ್ರಿ. ನಿಮ್ಮಂಥೋರು ಹತ್ತಿ ಕುಂತಾರ, ಜಾಗ ಇಲ್ಲ."

ಇಡೀ ಬ್ರಾಂಚ್ ನಕ್ಕಿತು. ಅವನೊಬ್ಬ ನಗಲಿಲ್ಲ. ನಗದಿದ್ದರೆ ಬಿಡಲಿ. ಹೋಗುವುದು ಹೋಗುವುದೇ.

ಸೆಪ್ಟೆಂಬರ್ 17, ಬುಧವಾರ

ಮಾವನೂ ಬರುತ್ತಾರಂತೆ. ಊಟದ ನಡುವೆ, ಉಪ್ಪು ಕೇಳಿದ ಹಾಗೆ ಹೇಳಿದರು. "ನಾನೂ ಬರ್ತೇನಿ. ಬೋಧಿ ಗಿಡ ನೋಡ್ತೇನಿ."

ನನ್ನ ಗಂಡ ನಾಗಸೇನನಿಗೆ ಗಾಬರಿ. "ಅಪ್ಪಾ, ನಿಮಗೊಂದು ಆಟೋ ಮಾಡ್ತೀವಿ. ನಾವು ಹಿಂದಿಂದ ಸೈಕಲ್ ಮ್ಯಾಲ ಬರ್ತೀವಿ."

"ಔರಾದ ತಾಲ್ಲೂಕ ತುಂಬ ಟಪಾಲ್ ಹಂಚೀನಿ. ನನಗ ಸೈಕಲ್ ಕಲಸ್ತೀಯೇನು?"

ಖರೇ. ಇಡೀ ನೌಕರಿ ಸೈಕಲ್ ಮೇಲೆಯೇ ಮುಗಿಸಿದ ಮನುಷ್ಯ. ಈಗಲೂ ಗಾಂಧಿ ಗಂಜಿನಿಂದ ತೊಗರಿಬೇಳೆ ಕ್ಯಾರಿಯರಿಗೆ ಕಟ್ಟಿಕೊಂಡು ಬರುತ್ತಾರೆ. ಬೇಡ ಅಂದರೆ ಕಿವಿ ಕೇಳಿಸುವುದಿಲ್ಲ. ಅಜ್ಜ ಬರುವ ಸುದ್ದಿಗೆ ಮಕ್ಕಳು 'ಮುತ್ಯಾ ಬರ್ತಾನ' ಅಂತ ಮಂಚದ ಮೇಲೆ ಕುಣಿದರು. ನನಗೂ ಖುಷಿ.

ಅತ್ತೆ ಬರುವುದಿಲ್ಲ. ವಿಜಯದಶಮಿ ಬೌದ್ಧ ದೀಕ್ಷೆಯ ದಿನ, ನಾಗಪುರ ತಪ್ಪಿಸಿದವರಲ್ಲ. "ನೀವು ತುಳೀರಿ. ನಾ ದೀಕ್ಷಾಭೂಮಿಗಿ ರೈಲಿನ್ಯಾಗ ಕುಂತು ಹೋಗ್ತೇನಿ, ಮನುಷ್ಯಾರ ಹಂಗ."

ಸೆಪ್ಟೆಂಬರ್ 28, ಭಾನುವಾರ. ಅನುರಾಧಪುರ

ಬಂದೇಬಿಟ್ಟೆವು! ಐದು ಸೈಕಲ್. ಮಾವ ಪ್ರತಿಯೊಂದರ ಬ್ರೇಕ್ ಹಿಡಿದು, ಗಾಲಿ ತಿರುಗಿಸಿ ನೋಡಿ, ಎರಡನ್ನು ವಾಪಸ್ ಮಾಡಿಸಿ ಬೇರೆ ತರಿಸಿದರು. ಭಾಷೆ ಬಾರದೆಯೇ.

ಬೋಧಿವೃಕ್ಷ. ಬಿಳಿ ಬಟ್ಟೆಯ ಜನ, ಕೈಯಲ್ಲಿ ತಾವರೆ. ಸದ್ದಿಲ್ಲ. ಮಾವ ಮೊಣಕಾಲೂರಿ ಕುಳಿತವರು ಏಳಲೇ ಇಲ್ಲ. ನನಗೂ ಕಣ್ಣು ತುಂಬಿ ಬಂತು. ಯಾಕೆಂದು ಕೇಳುವವರು ಯಾರೂ ಇರಲಿಲ್ಲ, ಅದೇ ಸುಖ.

ವಾಪಸ್ ಬರುವಾಗ ಕೆರೆ ಏರಿ ಮೇಲೆ ಗಾಳಿ. ಒಂದು ದೊಡ್ಡ ಮನೆ, ಕಬ್ಬಿಣದ ಗೇಟು. ಮಾವ ಸೈಕಲ್ ಇಳಿದು ತಳ್ಳಿಕೊಂಡು ನಡೆದರು. ಗೇಟು ದಾಟಿದ ಮೇಲೆ ಹತ್ತಿದರು.

"ಯಾಕ ಮುತ್ಯಾ?" ಮಹಾಮಾಯಾ.

"ಕಾಲು ಜೋಮು ಹಿಡದದ."

ಸೆಪ್ಟೆಂಬರ್ 30, ಮಂಗಳವಾರ

ಜೋಮೂ ಅಲ್ಲ, ಏನೂ ಅಲ್ಲ. ಮಿಹಿಂತಲೆ ರಸ್ತೆಯಲ್ಲಿ ದೊಡ್ಡ ಮನೆ ಬಂದಲ್ಲೆಲ್ಲ ಇಳಿದರು. ಗುಡಿಸಲು ಬಂದರೆ ಇಳಿಯುವುದಿಲ್ಲ. ಮಕ್ಕಳಿಗೆ ಅದೊಂದು ಆಟ. ಮುತ್ಯಾ ಇಳಿದರೆ ತಾವೂ ಇಳಿಯುವುದು, ತಳ್ಳುವುದು, ಹತ್ತುವುದು. ಬಿಸಿಲು ನೆತ್ತಿಗೆ ಬಂತು, ದಾರಿ ಸಾಗಲಿಲ್ಲ. ನನಗೆ ತಲೆ ಕೆಟ್ಟುಹೋಯಿತು.

ಒಂದು ಮನೆಯಿಂದ ಲುಂಗಿಯುಟ್ಟ ಯಜಮಾನ ಪಂಪು ಹಿಡಿದು ಓಡಿ ಬಂದ. ಪಂಕ್ಚರ್ ಅಂದುಕೊಂಡಿದ್ದಾನೆ, ಪಾಪ. ಕುರ್ಚಿ ಹಾಕಿದ. ಕೇಸರಿ ಬಣ್ಣದ ಎಳನೀರು ಕೆತ್ತಿಕೊಟ್ಟ. ಮಾವ ಕುಳಿತುಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು, ತಲೆಗೆ ಸುತ್ತಿದ ಟವೆಲ್ ತೆಗೆದು ಕಂಕುಳಲ್ಲಿ ಹಿಡಿದು ನಿಂತರು. ಆ ಮನುಷ್ಯ ಭುಜ ಹಿಡಿದು ಕೂರಿಸಲು ನೋಡಿದ. ಇವರು ಹಿಂದೆ ಹಿಂದೆ ಸರಿದರು.

ಆಗ ನನಗೆ ತಿಳಿಯಿತು. ಎಳನೀರು ಅರ್ಧಕ್ಕೇ ಕೆಳಗಿಟ್ಟೆ.

ರೂಮಿಗೆ ಬಂದು ನಾಗಸೇನನನ್ನು ಹಿಡಿದು ಕೇಳಿದೆ. ಅವನಿಗೆ ಮೊದಲೇ ಗೊತ್ತು.

ಮಾವನ ಊರಿನಲ್ಲಿ ವಾಡೆ ಇದೆ, ಊರ ದೊಡ್ಡವರ ಮನೆ. ಅದರ ಮುಂದೆ ನಮ್ಮ ಕೇರಿಯವರು ಸೈಕಲ್ ಮೇಲೆ ಹೋಗುವ ಹಾಗಿರಲಿಲ್ಲ. ಇಳಿದು ತಳ್ಳಬೇಕು. ಮಾವನಿಗೆ ಟಪಾಲ್ ನೌಕರಿ ಸಿಕ್ಕ ಹೊಸದು, ಖಾಕಿ ಅಂಗಿ, ಸರಕಾರದ ಚೀಲ. ಇನ್ನು ಯಾಕೆ ಇಳಿಯಬೇಕು ಅಂತ ಇಳಿಯಲಿಲ್ಲ. ವಾಡೆಯ ಆಳುಗಳು ಸೈಕಲ್ಲನ್ನೂ ಚೀಲವನ್ನೂ ಬಾವಿಗೆ ಒಗೆದರು. ಮಾವ ಬಾವಿಗಿಳಿದು ಕಾಗದಗಳನ್ನೆಲ್ಲ ತೆಗೆದು, ಬಂಡೆ ಮೇಲೆ ಒಣಗಿಸಿ, ಮನೆಮನೆಗೆ ಮುಟ್ಟಿಸಿದರು. ವಾಡೆಯ ಕಾಗದವನ್ನೂ.

"ಅವತ್ತಿನಿಂದ ಎಲ್ಲಾ ಊರಾಗೂ ಇಳದಾರ. ಇಳೀರಿ ಅಂತ ಯಾರೂ ಅನ್ನದಿದ್ರೂ. ಬೀದರಿನ್ಯಾಗ ದೊಡ್ಡ ಮನಿ ಇರೋ ರಸ್ತಾನೇ ಬಿಟ್ಟು ಸುತ್ತಾಗಿ ಹೋಗ್ತಾರ. ನೀ ನೋಡಿಲ್ಲೇನು?"

ನೋಡಿಲ್ಲ. ಸೊಸೆಯಾಗಿ ಬಂದು ಇಷ್ಟು ವರ್ಷ, ಮುದುಕರಿಗೆ ಸುತ್ತಾಡುವ ಚಟ ಅಂದುಕೊಂಡಿದ್ದೆ. ಆ ವಾಡೆಗೆ ಬೆಂಕಿ ಬೀಳಲಿ.

ಅಕ್ಟೋಬರ್ 1, ಬುಧವಾರ

ಮಾವ ರೂಮಿನಲ್ಲೇ ಉಳಿದರು, ಮೊಣಕಾಲು ನೋವು. ನಾನೂ ಮಹಾಮಾಯಾಳೂ ಇಬ್ಬರೇ ಬಾಳೆಹಣ್ಣು ತರಲು ಹೊರಟೆವು. ಅವಳು ಮುಂದೆ. ಬಿಳಿ ಕಂಬದ ಮನೆ ಬಂತು. ಇಳಿದಳು. ತಳ್ಳಿದಳು. ದಾಟಿ ಹತ್ತಿದಳು.

"ಯಾಕ ಇಳದಿ? ಮುತ್ಯಾ ಇಲ್ಲಲ್ಲ."

"ದೊಡ್ಡ ಮನಿ ಬಂತಲ್ಲ ಮಮ್ಮಿ."

ಆಟವಲ್ಲ. ನಗಲೂ ಇಲ್ಲ. ಮಳೆ ಬಂದರೆ ಕೊಡೆ ಬಿಚ್ಚುವ ಹಾಗೆ ಹೇಳಿದಳು. ಹಣ್ಣಿನ ಅಂಗಡಿ ಮುಂದೆ ನಿಂತು ಏನು ಬೇಕೆಂದು ಮರೆತೆ.

ಇಲ್ಲ. ಇದು ನನ್ನ ಮಗಳ ಕಾಲಿಗೆ ಇಳಿಯಬಾರದು. ಮಾವನಿಗೆ ಬೇಜಾರಾದರೂ ಸರಿ, ನಾಗಸೇನ ಮಾತು ಬಿಟ್ಟರೂ ಸರಿ.

ಅಕ್ಟೋಬರ್ 2, ಗುರುವಾರ. ವಿಜಯದಶಮಿ

ಬೆಳಿಗ್ಗೆ ಚಹಾ ಹೊತ್ತಿಗೆ ಹೇಳಿಯೇಬಿಟ್ಟೆ. "ಮಾವಾರ, ನಿನ್ನಿ ಮಹಾಮಾಯಾ ಒಬ್ಬಾಕೀನೇ ಇಳದ್ಲು. ದೊಡ್ಡ ಮನಿ ಬಂತು ಅಂತ."

ಕಪ್ಪು ಕೆಳಗಿಟ್ಟರು. "ಹುಡುಗಿ ಇಳದ್ಳಾ?"

"ಹೌದ್ರಿ."

"ನೀ ಬ್ಯಾಡ ಅನ್ನಲಿಲ್ಲಾ?"

"ನಾ ಬ್ಯಾಡ ಅಂದ್ರ ಏನಾಗ್ತದ್ರಿ? ಆಕಿ ನಿಮಗ ನೋಡಿ ಕಲತಾಳ."

ನಾಗಸೇನ ನನ್ನನ್ನು ನುಂಗುವ ಹಾಗೆ ನೋಡಿದ. ಮಾವ ಎದ್ದು ಹೊರಗೆ ಹೋದರು. ಅತಿಯಾಯಿತೇನೋ ಅಂದುಕೊಂಡೆ... ಸೈಕಲ್ ಬೆಲ್ ಕೇಳಿಸಿತು.

"ಸಪನಾ, ಬಾ ಯವ್ವಾ. ನೀ ನನ್ನ ಹಿಂದ ಇರು. ನಾ ಇಳಿಯಾಕ ಹೋದ್ರ ಬೈ. ಬೈಯೋದು ನಿನಗ ಛಲೋ ಬರ್ತದ."

ಮೊದಲ ಮನೆ. ಬೈದೆ. ಇಳಿದರು. ಎರಡನೆಯದು. ಇನ್ನೂ ಜೋರಾಗಿ ಬೈದೆ, ಇಳಿದರು. "ಕಾಲು ಕೇಳವಲ್ದು," ಅಂದರು. ಮುಖ ಸಣ್ಣದಾಗಿತ್ತು. ಅರವತ್ತೆಂಟರ ಮನುಷ್ಯನಿಗೆ ಎಲ್ಲರ ಎದುರು ಬೈಯುತ್ತಿದ್ದೇನೆ, ನನಗೇ ಅಳು ಬಂತು. ಆದರೂ ಬಿಡಲಿಲ್ಲ.

ಬಿಳಿ ಕಂಬದ ಮನೆ. ಬ್ರೇಕಿಗೆ ಕೈ ಹೋಯಿತು. "ಮಾವಾರ, ಹಿಂದ ಹುಡುಗಿ ನೋಡ್ಲಾಕ ಹತ್ತ್ಯಾಳ," ಅಂದೆ. ಕೈ ತೆಗೆದರು. ಸೈಕಲ್ ಹಾವಿನ ಹಾಗೆ ಓಲಾಡಿತು, ಗೇಟು ದಾಟಿತು, ನೇರ ಗದ್ದೆಯ ಕಾಲುವೆಗೆ ಹೋಗಿ ಬಿತ್ತು. ನಾವೆಲ್ಲ ಓಡಿದೆವು. ಮೈಯೆಲ್ಲ ಕೆಸರು, ನಗುತ್ತಿದ್ದಾರೆ.

"ದಾಟಿ ಬಿದ್ದೀನಿ. ನೋಡ್ದ್ಯಾ? ದಾಟಿ ಬಿದ್ದೀನಿ."

ಅಕ್ಟೋಬರ್ 19, ಭಾನುವಾರ. ಬೀದರ

ಬರೆಯಲು ಆಗಿರಲಿಲ್ಲ. ಬ್ಯಾಂಕು, ಬಸ್ಸು, ಅದೇ ಭಾಲ್ಕಿ. ಗೋರಖನಾಥನಿಗೆ ಸಿಲೋನ್ ಚಹಾ ಕೊಟ್ಟೆ, ಬಾಯಿ ಮುಚ್ಚಿದ.

ಮಕ್ಕಳು ಅತ್ತೆಗೆ ಕಾಲುವೆ ಕಥೆ ಹೇಳಿ ಹೇಳಿ ಹೈರಾಣ ಮಾಡಿದ್ದಾರೆ. ಇವತ್ತು ರೊಟ್ಟಿ ಬಡಿಯುತ್ತಲೇ ಅಂದರು: "ಲಂಕಾದಾಗ ಇಳೀಲಿಲ್ಲಂದ್ರ ಅದೇನ್ ದೊಡ್ಡದು? ಅಲ್ಲಿ ನಿಮಗ ಯಾರ್ ಗುರ್ತು ಹಿಡೀತಾರ? ಊರಾಗ ತುಳೀರಿ, ನೋಡ್ತೇನಿ."

ನಾಗಸೇನ: "ಸುಮ್ಮ ಯಾಕವ್ವಾ ಕೆದಕ್ತಿ? ಆ ಕಾಲ ಹೋಯ್ತು. ಈಗ ಆ ಓಣ್ಯಾಗ ನಮ್ಮ ಹುಡುಗರು ಬುಲೆಟ್ ಓಡಸ್ತಾರ."

"ಹುಡುಗರು ಓಡಸ್ತಾರ," ಮಾವ ಅಂದರು. "ನಾ ಓಡಿಸಿಲ್ಲ."

ಅತ್ತೆ ರೊಟ್ಟಿ ಮಗುಚಿದರು. ಸೈಕಲ್ಲೆಂದರೆ ಅವರಿಗೆ ಯಾಕೆ ಅಷ್ಟು ಸಿಟ್ಟು ಅಂತ ಇವತ್ತು ಗೊತ್ತಾಯಿತು. ಗಂಡ ಇಳಿದು ತಳ್ಳುವುದನ್ನು ಜೀವಮಾನವಿಡೀ ನೋಡಿದವರು.

ನವೆಂಬರ್ 9, ಭಾನುವಾರ. ಊರು

ವಾಡೆಯ ಎದುರು, ಕಟ್ಟೆ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಹೇಗೆ ಬಂದರೂ ಸರಿ.

ಠಾಣಾ ಕುಶನೂರ ತನಕ ಟೆಂಪೋ, ಸೈಕಲ್ಲುಗಳೂ ಅದರಲ್ಲೇ. ಅಲ್ಲಿಂದ ತುಳಿದೆವು. ಎರಡೂ ಕಡೆ ತೊಗರಿ ಹೂ. ಅತ್ತೆ ಟೆಂಪೋದಲ್ಲಿ ಹಿಂದೆ, ಕಿಟಕಿಯಿಂದ ತಲೆ ಹೊರಗೆ. "ನೆಟ್ಟಗ ಕುಂಡ್ರಿ. ಹೆದರಿದಂಗ ಕಾಣಬ್ಯಾಡ್ರಿ."

ಊರ ಅಗಸಿ ಬಾಗಿಲ ಹತ್ತಿರ ಮಾವ ಒಂದು ಕಾಲೂರಿ ನಿಂತರು. ನಾನು ಹಿಂದೆ ಹೋಗಿ ನಿಂತೆ.

"ಇವತ್ತ ನೀ ಹಿಂದ ಬ್ಯಾಡ. ಮುಂದ ನಡಿ."

"ಇಳದೀರಿ ಮತ್ತ."

"ಇಳದ್ರ ನನ್ನ ಹಿಂದ ಮಹಾಮಾಯಾ ಇಳೀತಾಳ. ಗೊತ್ತದ ನನಗ. ನೀ ನಡಿ."

ನಡೆದೆ. ತಿರುಗಿ ನೋಡುವ ಹಾಗಿರಲಿಲ್ಲ. ವಾಡೆಯ ಗೋಡೆ ಅರ್ಧ ಬಿದ್ದಿದೆ. ಬಾಗಿಲಲ್ಲಿ ಮಾವನಷ್ಟೇ ವಯಸ್ಸಿನ ಮುದುಕರೊಬ್ಬರು ಕುಳಿತಿದ್ದರು. ನಾನು ದಾಟಿದೆ. ಹಿಂದೆ ಬೆಲ್ ಕೇಳಿಸಿತು. ಅನಂತರ ಆ ಮುದುಕರ ದನಿ.

"ಯಾರದು, ಟಪಾಲ್ ಏಕ್ಯಾ ಏನಲೇ?"

"ಏಕನಾಥ."

"ಕಾಗದ ಅದೇನು?"

"ಇಲ್ಲ. ಸುಮ್ಮ ಹೊಂಟೀನಿ."

ದನಿ ಮೇಲಿನಿಂದ ಬಂತು, ಸೀಟಿನ ಮೇಲಿನಿಂದ. ಕೊನೆಗೊಂದು 'ರಿ' ಕೂಡ ಇರಲಿಲ್ಲ. ಮಾವ ಮಂದಿ ಮನೆಯ ಬೆಕ್ಕಿಗೂ 'ರಿ' ಹಚ್ಚುವವರು.

ಆಗ ತಿರುಗಿದೆ. ಮಾವ ಬರುತ್ತಿದ್ದರು, ನೆಟ್ಟಗೆ. ಹಿಂದೆ ಮಹಾಮಾಯಾ, ಅವಳ ಹಿಂದೆ ಅಶ್ವಜಿತ, ನಾಗಸೇನ. ಯಾರೂ ಇಳಿದಿಲ್ಲ. ಟೆಂಪೋದಲ್ಲಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಓಣಿಯ ತುದಿಗೆ ಬಂದು ಮಾವ ನಿಲ್ಲಲಿಲ್ಲ, ಸೈಕಲ್ ತಿರುಗಿಸಿದರು.

"ಎಲ್ಲಿಗಿ ಮತ್ತ?" ನಾಗಸೇನ ಕೂಗಿದ.

"ಇನ್ನೊಂದ್ ಸಲ."

ಹೋದರು, ಬಂದರು. ಮತ್ತೆ ಹೋದರು. ವಾಡೆಯ ಮುದುಕರು ಒಳಗೆ ಎದ್ದುಹೋಗಿದ್ದಾರೆ. ಮಾವನಿಗೆ ಅದರ ಪರಿವೆ ಇಲ್ಲ. ಈಗ ಓಣಿಯ ಹುಡುಗರೂ ಹಿಂದೆ ಓಡುತ್ತಿದ್ದಾರೆ. ಮಹಾಮಾಯಾ ಕೈ ಬಿಟ್ಟು ತುಳಿಯುತ್ತಿದ್ದಾಳೆ, ಬೀಳುತ್ತಾಳೆ ಈಗ... ಬಿದ್ದರೆ ಬೀಳಲಿ. ಅತ್ತೆ ಟೆಂಪೋ ಇಳಿದು ನಡುರಸ್ತೆಗೆ ಹೋಗಿ ಮಾವನಿಗೆ ಕೈ ಅಡ್ಡ ಹಿಡಿದಿದ್ದಾರೆ. ಸಾಕು ಮಾಡ್ರಿ ಅನ್ನುತ್ತಾರೆ ಅಂದುಕೊಂಡೆ. ಅಲ್ಲ. ಸೀರೆ ಎತ್ತಿ ಕಟ್ಟಿ ಕ್ಯಾರಿಯರ್ ಮೇಲೆ ಹತ್ತಿ ಕುಳಿತು, "ನಡೀರಿ, ವಾಡೇದ ಮುಂದಿಂದ," ಅನ್ನುತ್ತಿದ್ದಾರೆ.