ಅದು ಗ್ಯಾಸ್ಟ್ರಿಕ್ ಅಲ್ಲ, ಮುತ್ತಜ್ಜಿ

ದಾವಣಗೆರೆ,
ಇಸವಿ 2170, ಹದಿಮೂರನೇ ತಿಂಗಳ ನಾಲ್ಕನೇ ದಿನ

ನಮ್ಮಜ್ಜಿಯ ಮುತ್ತಜ್ಜಿ, ಟೈಲರ್ ನೀಲಾಂಬಿಕಮ್ಮನವರಿಗೆ ಸುವರ್ಣೆಯ ನಮಸ್ಕಾರಗಳು.

ಹದಿಮೂರನೇ ತಿಂಗಳು ಎಂದೊಡನೆ ನಗಬೇಡಿ. ಬಿಸಿಲು ತಾಳಲಾರದೆ ನಾವು ಸೇರಿಸಿಕೊಂಡ ರಜೆಯ ತಿಂಗಳು ಅದು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಡತಗಳಿಂದ ಕಲಿತು ಬರೆಯುತ್ತಿದ್ದೇನೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಊರಲ್ಲಿ ಬೇರೆ ಯಾರೂ ಆಡದ ಒಂದು ಮಾತು ನಮ್ಮ ಮನೆಯಲ್ಲಿದೆ: ಗ್ಯಾಸ್ಟ್ರಿಕ್. ಅಜ್ಜಿಗೆ ಮಂಡಿ ನೋವಾದರೂ ಗ್ಯಾಸ್ಟ್ರಿಕ್, ಅಮ್ಮ ಅಡುಗೆಮನೆಯಲ್ಲಿ ಅಳುತ್ತಾ ಸಿಕ್ಕಿಬಿದ್ದರೂ ಗ್ಯಾಸ್ಟ್ರಿಕ್. 'ಏನೂ ಇಲ್ಲ, ನನ್ನ ಪಾಡಿಗೆ ಬಿಡಿ' ಎಂದು ಅದರ ಅರ್ಥ ಅಂದುಕೊಂಡಿದ್ದೆ. ಇವತ್ತು ಮೂಲ ಹುಡುಕಲು ಕೂತಾಗ, ನೀವು ತಂಗಿ ಗಿರಿಜಮ್ಮನಿಗೆ ಫೋನಿನಲ್ಲಿ ಕಳಿಸಿದ ಧ್ವನಿ ಸಿಕ್ಕಿತು.

"ಗಿರಿಜಾ, ಬೆಳಿಗ್ಗೆಯಿಂದ ದವಡೆ ಹಿಡ್ಕಂಡಂಗಾಗೈತೆ ಕಣೇ. ಬೆನ್ನು ಬೇರೆ ನೋವು. ಫ್ಯಾನ್ ಕೆಳಗೆ ಕೂತ್ರೂ ಬೆವರು. ಗ್ಯಾಸ್ಟ್ರಿಕ್ಕೇ ಇರ್ಬೇಕು, ಸೋಡಾ ಕುಡಿದ್ರೆ ಹೋಗ್ತದೆ ಬಿಡು. ಮದುವೆ ಬ್ಲೌಸು ಇನ್ನೂ ಹನ್ನೆರಡು ಬಾಕಿ ಐತೆ."

ಅದರ ನಂತರ ನಿಮ್ಮ ಧ್ವನಿ ಎಲ್ಲೂ ಇಲ್ಲ. ನಿಮಗಾಗ ಐವತ್ತೆರಡು. ಅಯ್ಯೋ, ಎಂಥ ಹಟಮಾರಿ ಹೆಂಗಸು ನೀವು! ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

ಈ ಪತ್ರ ಆ ಬೆಳಿಗ್ಗೆಗೆ ಮೊದಲೇ ತಲುಪಲಿ. ಎದೆ ಹಿಂಡಿದರೆ ಮಾತ್ರ ಹೃದಯಾಘಾತ ಎಂದು ಕಾಯುತ್ತಾ ಕೂರಬೇಡಿ. ಅದು ದವಡೆಯಲ್ಲಿ, ಬೆನ್ನಲ್ಲಿ, ತೋಳಲ್ಲಿ ನೋವಾಗಿಯೂ ಬರುತ್ತದೆ. ವಾಕರಿಕೆ, ಏದುಸಿರು, ತಣ್ಣನೆಯ ಬೆವರು, ಕಾರಣವಿಲ್ಲದ ಸುಸ್ತು ಕೂಡ ಅದರದೇ ಇರಬಹುದು. ಹೆಂಗಸರಲ್ಲಂತೂ ಹೀಗೆ ಮೋಸ ಮಾಡುವುದು ಹೆಚ್ಚು. ಸೋಡಾ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ. ನಿಮ್ಮ ಕಾಲದಲ್ಲೇ ಇಸಿಜಿ ಇತ್ತು, ಹೆಪ್ಪು ಕರಗಿಸುವ ಇಂಜೆಕ್ಷನ್ ಇತ್ತು, ಮುಚ್ಚಿದ ರಕ್ತನಾಳ ತೆರೆದು ಸ್ಟೆಂಟ್ ಇಡುವ ಡಾಕ್ಟರೂ ಇದ್ದರು. ಬೇಗ ಹೋದಷ್ಟೂ ಹೃದಯ ಉಳಿಯುತ್ತದೆ. ನೀವು ಹೋಗಲೇ ಇಲ್ಲ.

ಇನ್ನೊಂದು ವಿಷಯ ಮುಚ್ಚಿಟ್ಟಿದ್ದೆ, ಹೇಳಿಬಿಡುತ್ತೇನೆ. ನಮ್ಮ ಚರ್ಮದ ಕೆಳಗೆ ಎದೆಗಾವಲು ಎಂಬ ಅಕ್ಕಿಕಾಳಿನಷ್ಟು ಪುಟ್ಟ ಯಂತ್ರ ಇರುತ್ತದೆ. ಹೃದಯಕ್ಕೆ ರಕ್ತ ಕಡಿಮೆಯಾದರೆ 'ಬರಲೇ?' ಎಂದು ಕೇಳುತ್ತದೆ. ಹೂಂ ಅಂದರೆ ಓಡುಕೋಣೆ, ಅಂದರೆ ಚಕ್ರದ ಮೇಲಿನ ಆಸ್ಪತ್ರೆ, ಬಾಗಿಲಿಗೇ ಬರುತ್ತದೆ. ನಾವು ಒಪ್ಪದೆ ಬರುವಂತಿಲ್ಲ, ನಮ್ಮ ಕಾನೂನು ಹಾಗಿದೆ. ನನ್ನದು ಇವತ್ತು ಮೂರು ಸಲ ಕೇಳಿತು, ಮೂರು ಸಲವೂ ಬೇಡ ಎಂದೆ. "ಯಾಕಮ್ಮಾ ಹಿಂಗೆ ಬೆವರ್ತಿದೀಯಾ?" ಎಂದು ಮಗಳೂ ಕೇಳಿದಳು. ಗ್ಯಾಸ್ಟ್ರಿಕ್ ಎಂದೆ. ಆ ಮಾತು ಬಾಯಿಂದ ಬಿದ್ದ ಮೇಲೆಯೇ ನಾನು ಅದರ ಮೂಲ ಹುಡುಕಲು ಕೂತದ್ದು.

ಈಗ ನಾಲ್ಕನೇ ಸಲ ಕೇಳುತ್ತಿದೆ. ದವಡೆ ಬಿಗಿಯುತ್ತಿದೆ. ಮಗಳನ್ನು ಕೂಗಿದೆ. ಮುತ್ತಜ್ಜಿ, ಆ ಬ್ಲೌಸುಗಳನ್ನು ಹಾಗೇ ಬಿಡಿ. ನಾನು ಹೂಂ ಅಂದಿದ್ದೇನೆ, ನೀವೂ ಅನ್ನಿ.

ನಿಮ್ಮ ಕುಡಿ,
ಸುವರ್ಣೆ