ಎರಡು ದರಗಳ ನಡುವಿನ ಮೂವತ್ತಾರು ಸಾವಿರ

ಅಕ್ಟೋಬರ್ 11, ಶನಿವಾರ

ನಮ್ಮ ಕಾರ್ಮಿಕ ಸಂಘದ ಮೂಡಲಗಿ ಶಾಖೆಯ ಸಭೆ ಮುಗಿಸಿ ಸಂಜೆ ಬಸ್ಸಿಗೆ ಗೋಕಾಕಕ್ಕೆ ಬಂದೆ. ಸಂಘದ ನಿಧಿಯ ಫೈಲು ಬಿಚ್ಚಿದೆ. ಕರದಂಟು ಮಾಡಿ ಡಬ್ಬಿ ತುಂಬುವ ಇನ್ನೂರು ಹೆಂಗಸರು ಮೂರು ವರ್ಷ ಕೂಡಿಸಿದ ದುಡ್ಡು. ಗುರುವಾರ ಅದರಲ್ಲಿ ಬೆಳ್ಳಿ ಇಟಿಎಫ್ ಕೊಂಡಿದ್ದೇವೆ — ಗಟ್ಟಿ ಬೆಳ್ಳಿಯಲ್ಲ, ಬೆಳ್ಳಿ ಇಟ್ಟುಕೊಂಡ ಫಂಡಿನ ಎರಡು ಸಾವಿರ ಯೂನಿಟ್. ಕೊಂಡವಳು ನಮ್ಮ ಖಜಾಂಚಿ, ಘೋಡಗೇರಿಯ ಕಮಲವ್ವ. ಬಿಲ್ಲಿನಲ್ಲಿ ಯೂನಿಟ್ಟಿಗೆ 168. ಫಂಡಿನ ವೆಬ್‌ಸೈಟಿನಲ್ಲಿ ಅದೇ ದಿನದ ಎನ್‌ಎವಿ — ಯೂನಿಟ್ಟಿನ ಲೆಕ್ಕದ ಬೆಲೆ — 150. ಗುಣಿಸಿದೆ. ಮೂವತ್ತಾರು ಸಾವಿರ. ಯಾರ ಉಡಿಗೆ ಬಿತ್ತು?

ಅ. 12

ಫೋನಿನಲ್ಲಿ ಕೇಳಿದೆ. ಶೇರು ಪೇಟೆಯಲ್ಲಿದ್ದ ದರಕ್ಕೆ ಕೊಂಡೆ ಎಂದಳು. ವೆಬ್‌ಸೈಟಿನ ದರ ಹೇಳಿದೆ. ಸುಮ್ಮನಾದಳು. ಸುಮ್ಮನಾಗುವವರನ್ನು ನಂಬುವುದಿಲ್ಲ ನಾನು. ಇಪ್ಪತ್ತು ವರ್ಷ ಮಾಲೀಕರ ಮೌನ ನೋಡಿದ್ದೇನೆ. ಸಂಘದ ಕಾರ್ಯದರ್ಶಿಯಾಗಿ ಕರಪತ್ರ ಬರೆದೆ: ‘ದುಡಿಯುವವರ ಬೆಳ್ಳಿ ಕದ್ದವರು ಯಾರು?’ ಕಮಲವ್ವನ ಹೆಸರೂ ಹಾಕಿದೆ. ಹೆಸರಿಲ್ಲದ ಕರಪತ್ರ ಹೇಡಿಗಳದ್ದು.

ಅ. 14

ಐನೂರು ಪ್ರತಿ. ಗೋಕಾಕ, ಮೂಡಲಗಿ, ಹುಕ್ಕೇರಿ — ಮೂರೂ ಕಡೆ ಗೋಡೆಗೆ ಹಚ್ಚಿದ್ದಾರೆ. ಅಧ್ಯಕ್ಷೆ ಅಕ್ಕವ್ವ ಫೋನಿನಲ್ಲಿ ನಕ್ಕಳು. "ಪೆನ್ನಿಗಿ ಖಾರಪುಡಿ ಹಚ್ಚಿಯೇನ ದಾನೇಶ್ವರಿ?" ಭಾನುವಾರ ಮಹಾಸಭೆ. ಮೊದಲ ಠರಾವು ಕಮಲವ್ವನ ಉಚ್ಚಾಟನೆ. ಓದುವವಳು ನಾನೇ.

ಅ. 17, ಮಧ್ಯಾಹ್ನ

ಬರೆಯಲು ಆಗಿರಲಿಲ್ಲ. ನಿನ್ನೆ ಸಾಕ್ಷಿ ತರಲು ಹುಕ್ಕೇರಿಗೆ ಹೋದೆ, ನಮ್ಮ ಖಾತೆ ಇರುವ ಶೇರು ಕಚೇರಿಗೆ. ಅಲ್ಲಿಯ ಶಿವಕುಮಾರ ಹಾಳೆ ಎಳೆದುಕೊಂಡು ಬರೆದು ತೋರಿಸಿದ. ಫಂಡಿನ ಹತ್ತಿರವಿರುವ ಅಷ್ಟೂ ಬೆಳ್ಳಿಗೆ ಆ ದಿನದ ಬೆಲೆ. ಕೈಯಲ್ಲಿರುವ ನಗದು ಕೂಡಿಸು. ಖರ್ಚು, ಕೊಡಬೇಕಾದ ಬಾಕಿ ಕಳೆ. ಉಳಿದದ್ದನ್ನು ಒಟ್ಟು ಯೂನಿಟ್‌ಗಳಿಂದ ಭಾಗಿಸು. ಅದು ಎನ್‌ಎವಿ — ದಿನದ ವಹಿವಾಟು ಮುಗಿದ ಮೇಲೆ ತೆಗೆಯುವ ಲೆಕ್ಕ. ಪೇಟೆಯಲ್ಲಿ ಮಾರುವವನಿಗೆ ಆ ದರದ ಹಂಗಿಲ್ಲ.

"ಬೆಳ್ಳಿ ಸಿಗಲಾರದ್ದಕ್ಕ ಹೊಸಾ ಯೂನಿಟ್ ಬರೋದು ನಿಂತಿತ್ತರಿ ಅಕ್ಕಾರ. ಮಂದಿ ಮುಗಿಬಿದ್ರು. ಅವತ್ತ ಕೊಂಡವರೆಲ್ಲಾ ಹಂಗ ಕೊಂಡಾರ."

ಕಮಲವ್ವ ಕೊಂಡದ್ದು ಹತ್ತೂವರೆಗೆ. ಆ ನಿಮಿಷದ ಪೇಟೆ ದರ ತೆಗೆದು ತೋರಿಸಿದ: 168. ಕಳವಿಲ್ಲ. ಕಮಿಷನ್ನಿಲ್ಲ. ನಮ್ಮ ಮೂವತ್ತಾರು ಸಾವಿರ ಯಾವುದೋ ಊರಿನ ಯಾರದೋ ಜೇಬಿಗೆ ಹೋಗಿದೆ, ಕಾನೂನಿನ ಪ್ರಕಾರವೇ! ಇದಕ್ಕೆ ಯಾವ ಗೋಡೆಗೆ ಕರಪತ್ರ ಹಚ್ಚಲಿ?

ಇನ್ನೊಂದು. ಆ ದಿನ ಹತ್ತು ಗಂಟೆಗೆ ಅವಳಿಗೆ ಫೋನ್ ಮಾಡಿದ್ದವಳು ನಾನು. ದೀಪಾವಳಿಯ ಹೊತ್ತಿಗೆ ಇನ್ನೂ ಏರುತ್ತದೆ, ಈಗಲೇ ತಗೋ ಎಂದು ಗದರಿದ್ದೆ. ದರ ವಿಪರೀತ ಕಾಣುತ್ತದೆ, ಎರಡು ದಿನ ತಡೆಯೋಣ ಎಂದಿದ್ದಳು. ಮರೆತಿದ್ದೆನೇ? ಮರೆಯುವುದು ಅನುಕೂಲವಾಗಿತ್ತು.

ಅ. 18

ಘೋಡಗೇರಿಗೆ ಹೋದೆ. ಕಮಲವ್ವ ಚಾಪೆ ಹಾಸಿದಳು, ನೀರು ಕೊಟ್ಟಳು. ಅವಳನ್ನು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದ್ದಾರೆ. ಕರಪತ್ರ ಬಸದಿಯ ಗೋಡೆಗೂ ಹಚ್ಚಿದ್ದಾರಂತೆ. ನಾನು ಅವಸರ ಮಾಡಿದ್ದನ್ನು ಯಾಕೆ ಯಾರಿಗೂ ಹೇಳಲಿಲ್ಲ ಎಂದೆ.

"ಹೇಳಿದ್ರ ನಂಬತಿದ್ರೇನು? ಬರಿಯೋ ಕೈ ನಿಂದು."

ಕ್ಷಮೆ ಕೇಳಿದೆ.

"ಇಲ್ಲಿ ನನ್ನ ಕಿವ್ಯಾಗ ಬ್ಯಾಡ. ಗ್ವಾಡಿಗಿ ಹಚ್ಚಿದಿ, ಮಂದ್ಯಾಗ ಹೇಳು."

ಸಂಜೆ ಅಕ್ಕವ್ವನಿಗೆ ಎಲ್ಲ ತಿಳಿಸಿದೆ. ಅವಳ ಚಿಂತೆ ಬೇರೆ. ಸೋಮವಾರ ಮಾಲೀಕರ ಜೊತೆ ಬೋನಸ್ಸಿನ ಮಾತುಕತೆ. ಕಾರ್ಯದರ್ಶಿಯೇ ಸುಳ್ಳು ಬರೆದಳು ಎಂದು ಗೊತ್ತಾದರೆ ನಮ್ಮ ಮಾತಿಗೆ ಬೆಲೆಯೇ ಇರುವುದಿಲ್ಲ ಎಂದಳು. "ಆ ಶೇರು ಆಫೀಸಿನ ಹುಡುಗ ತಿಂದಾನ ಅಂತ ಅಂದ್ಬಿಡು. ಮುಗೀತು." ಇನ್ನೊಬ್ಬ ನಿರಪರಾಧಿ. ಸುಲಭ. ಒಂದು ಗಳಿಗೆ — ಇಲ್ಲಾದರೂ ಬರೆಯುತ್ತೇನೆ — ಒಪ್ಪಿದ್ದೆ.

ಅ. 19, ಬೆಳಿಗ್ಗೆ 10:50

ಸಭೆ ತುಂಬಿದೆ. ಕಮಲವ್ವ ಬಂದು ಗೋಡೆಗೆ ಒರಗಿ ಕೂತಿದ್ದಾಳೆ, ಅವಳ ಬಾಜೂ ಯಾರೂ ಇಲ್ಲ. ಅಕ್ಕವ್ವ ಠರಾವಿನ ಹಾಳೆ ಕೈಗಿಟ್ಟು ಹೋದಳು, ಮುಖ ನೋಡಲಿಲ್ಲ. ಮೊದಲ ಮಾತು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಎದ್ದು ನಿಂತಾಗ ನಾಲಿಗೆ ಜಾರಬಾರದು: ಕಮಲವ್ವ ಕದ್ದಿಲ್ಲ. ತಡೆಯೋಣ ಎಂದವಳು ಅವಳು. ಅವಸರ ಮಾಡಿದವಳು ನಾನು, ಕೇಳದೆ ನೋಡದೆ ಬರೆದವಳೂ ನಾನು. ಯಾರನ್ನಾದರೂ ಹೊರಗೆ ಹಾಕುವುದಾದರೆ ಮೊದಲು ಈ ಕಾರ್ಯದರ್ಶಿಯನ್ನು. ಕರೆಯುತ್ತಿದ್ದಾರೆ.