ಕೇಳುವವರಿಗೆ ಕಾಲಂ ಇಲ್ಲದ ರಿಜಿಸ್ಟರು

ನಮ್ಮೂರ ವಾಚನಾಲಯಕ್ಕೆ ಪೇಪರ್ ನಿಲ್ಲಿಸಿದ ಮಾನ್ಯ ಅಧಿಕಾರಿಗಳೇ,

ಬರೆಯುವುದು ನನ್ನ ಕೆಲಸವಲ್ಲ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ನಿಮ್ಮ ಮೇಜಿನ ಮುಂದೆ ನಿಂತು ಬಾಯಲ್ಲಿ ಹೇಳಿದೆ, ‘ಬರೆದು ಕೊಡಿ ಅಜ್ಜ’ ಅಂದಿರಿ. ಬರೆದು ಕೊಟ್ಟೆ. ‘ಟಪಾಲಿನಲ್ಲಿ ಸಿಗ್ತಿಲ್ಲ, ಇನ್ನೊಂದು ಕೊಡಿ’ ಅಂದಿರಿ. ಕೊಟ್ಟೆ. ಅದು ಮೊದಲನೆಯದನ್ನು ಹುಡುಕಿಕೊಂಡು ಹೋದದ್ದು ಇನ್ನೂ ವಾಪಸು ಬಂದಿಲ್ಲ. ಆದ್ದರಿಂದ ಈ ಮೂರನೆಯದನ್ನು ತಾಲ್ಲೂಕಿನವರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಕಳೆದುಹೋದರೆ ಸಾಕ್ಷಿಗೆ ಜನ ಇರಲಿ. ಬೆರಳು ನೋಯುತ್ತಿದೆ, ಸಿಟ್ಟೂ ಬಂದಿದೆ. ಎರಡಕ್ಕೂ ನೀವೇ ಕಾರಣ.

ಬೆಟ್ಟದಪುರದ ಕಡೆಯ ನಮ್ಮೂರಿಗೆ ದಿನಾ ಬರುತ್ತಿದ್ದ ಒಂದೇ ಒಂದು ಪೇಪರನ್ನು ಯುಗಾದಿ ಆದ ಮೇಲೆ ನಿಲ್ಲಿಸಿಬಿಟ್ಟಿರಿ. ಯಾಕೆ ಅಂತ ಕೇಳಿದ್ದಕ್ಕೆ ರಿಜಿಸ್ಟರ್ ಬಿಚ್ಚಿ ತೋರಿಸಿದಿರಿ. ಓದಿದವರ ಸಹಿ ಅನ್ನುವ ಕಾಲಂನಲ್ಲಿ ಮೇಲಿಂದ ಕೆಳಗೆ ದೇವಯ್ಯ, ದೇವಯ್ಯ, ದೇವಯ್ಯ. ‘ಒಬ್ಬರಿಗೋಸ್ಕರ ಪೇಪರ್ ತರಿಸೋಕಾಗುತ್ತಾ? ಈಗೆಲ್ಲ ಫೋನಲ್ಲೇ ಬರುತ್ತಲ್ಲ’ ಅಂತ ನಕ್ಕಿರಿ. ನಿಮ್ಮ ಲೆಕ್ಕ ಸರಿ ಸ್ವಾಮಿ. ನಿಮ್ಮ ರಿಜಿಸ್ಟರಿಗೆ ಕಣ್ಣು ಇದೆ, ಕಿವಿ ಇಲ್ಲ.

ಆ ದೇವಯ್ಯ ಪೇಪರ್ ತೆಗೆದುಕೊಂಡು ಎಲ್ಲಿಗೆ ಹೋಗುತ್ತಿದ್ದ ಅಂತ ಒಂದು ದಿನವಾದರೂ ವಿಚಾರಿಸಿದ್ದೀರಾ? ಹೊಗೆಸೊಪ್ಪು ಮುರಿಯುವ ಕಾಲ ಬಂದರೆ ಮಧ್ಯಾಹ್ನ ಸೊಪ್ಪು ಬೇಯಿಸುವ ಬ್ಯಾರನ್ ಮುಂದಿನ ಚಪ್ಪರದಲ್ಲಿ ಹದಿನೈದು ಇಪ್ಪತ್ತು ಜನ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂರುತ್ತಾರೆ. ಕೈಗೆಲ್ಲ ಸೊಪ್ಪಿನ ಅಂಟು. ಆ ಕೈಯಲ್ಲಿ ಪೇಪರೂ ಹಿಡಿಯೋಕಾಗಲ್ಲ, ನಿಮ್ಮ ಫೋನೂ ಒತ್ತೋಕಾಗಲ್ಲ. ಅವರು ಕಟ್ಟಬೇಕು, ನಾನು ಓದಬೇಕು. ಇಪ್ಪತ್ತೆರಡು ವರ್ಷದಿಂದ ನಡೆದು ಬಂದದ್ದು ಇದು. ಮಂತ್ರಿಯೊಬ್ಬರು ಮೂರನೇ ಸಲ ಪಕ್ಷ ಬಿಟ್ಟರು ಅಂತ ಓದಿದರೆ ನನ್ನ ಜೊತೆಗಾರ ಅಂಕಯ್ಯ, ‘ನಮ್ಮ ಸೀಮೆ ಹಸಾನೂ ಅಂಗೇ ಕಣ್ಲಾ, ಇಂಡಿ ಕಂಡ ಕಡೆ ಅಗ್ಗ ಕಿತ್ಕೊಂಡು ಓಯ್ತದೆ. ಆದ್ರೆ ಅದು ಆಲಾದ್ರೂ ಕೊಡ್ತದೆ’ ಅನ್ನುತ್ತಿದ್ದ. ಸಿನಿಮಾದವರ ಮದುವೆ ಸುದ್ದಿ ಬಂದರೆ ಚಾಮುಂಡಮ್ಮ, ‘ಖರ್ಚು ಎಷ್ಟಾಯ್ತು ಅನ್ನೋದು ಬುಡಣ್ಣ, ಸೀರೆ ಎಂತದು ಅದನ್ನ ಓದು’ ಅನ್ನುತ್ತಿದ್ದಳು. ನಾನು ನಡುನಡುವೆ ನನ್ನ ಬೈಗುಳವನ್ನೂ ಸೇರಿಸುತ್ತಿದ್ದೆ. ಪೇಪರಿನವರದು ಯಾವುದು, ನನ್ನದು ಯಾವುದು ಅಂತ ಯಾರಿಗೂ ಗೊಂದಲ ಆಗುತ್ತಿರಲಿಲ್ಲ.

ಫೋನಿನ ಮಾತು ಹೇಳಿದಿರಿ. ನಮ್ಮ ಮನೆಯಲ್ಲಿ ಏಳು ಜನ, ಐದು ಫೋನು. ಮೂಲೆಯಲ್ಲಿ ಒಬ್ಬರು ನಗುತ್ತಾರೆ. ಏನು ಅಂದರೆ ‘ಏನಿಲ್ಲ ತಾತ’. ಅದೇ ಮಂತ್ರಿ ಒಬ್ಬನ ಫೋನಿನಲ್ಲಿ ದೇವರು, ಪಕ್ಕದಲ್ಲಿ ಕೂತವನ ಫೋನಿನಲ್ಲಿ ಕಳ್ಳ. ಇಬ್ಬರೂ ಒಂದೇ ಮಂಚದ ಮೇಲಿದ್ದರೂ ಜಗಳಕ್ಕೂ ಬಾಯಿ ಬಿಡುವುದಿಲ್ಲ. ಏಳು ಜನರ ನಡುವೆ ನಾನು ದಿನಕ್ಕೆ ಎಷ್ಟು ಮಾತಾಡುತ್ತೇನೆ ಗೊತ್ತಾ ಸ್ವಾಮಿ? ‘ಮುದ್ದೆ ಸಾಕು’ ಅನ್ನುವುದು ಒಂದು. ಇನ್ನೊಂದು ನೆನಪಾದರೆ ಬರೆಯುತ್ತೇನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಪೇಪರ್ ನಿಂತ ಮೇಲೂ ಈ ವರ್ಷ ಸೊಪ್ಪು ಕಟ್ಟುವವರು ಕೂತರು, ‘ದೇವಣ್ಣ, ಇವತ್ತಿನದು ಬಂತಾ’ ಅಂತ ಕೇಳಿದರು. ಇಲ್ಲ ಅನ್ನಲು ನಾಚಿಕೆಯಾಯಿತು. ಬೋಂಡದ ಅಂಗಡಿಯಲ್ಲಿ ಪೊಟ್ಟಣಕ್ಕೆ ಇಟ್ಟಿದ್ದ ಹಳೇ ಪೇಪರ್ ತಂದು ಇವತ್ತಿನದು ಅಂತ ಓದಿದೆ. ರಾಜಕೀಯ ಓದಿದರೆ ಯಾರಿಗೂ ಗೊತ್ತೇ ಆಗಲಿಲ್ಲ. ಕುರ್ಚಿಗೆ ಕಿತ್ತಾಟ ಹೋದ ವರ್ಷವೂ ಇತ್ತು, ಈ ವರ್ಷವೂ ಇದೆ. ಒಂದು ದಿನ ಮಾತ್ರ ಸಿನಿಮಾದವರ ಮದುವೆ ಓದಿದಾಗ ಚಾಮುಂಡಮ್ಮ, ‘ಈ ಉಡುಗಿ ಮದ್ವೆ ಆಗಿ ಮಗಾನೂ ಆಯ್ತಲ್ಲಣ್ಣ’ ಅಂದಳು. ‘ಇದು ಎರಡನೇದು ಕಣಮ್ಮ, ಸುಮ್ನೆ ಕಟ್ಟು’ ಅಂತ ಗದರಿದೆ. ಹೀಗೆ ಹತ್ತು ದಿನ ನಡೆಯಿತು.

ಹನ್ನೊಂದನೇ ದಿನ ಓದುತ್ತಾ ಓದುತ್ತಾ ಹಾಳೆಯ ಮೂಲೆಯಲ್ಲಿದ್ದ ಒಂದು ಚಿಕ್ಕ ಸುದ್ದಿಯನ್ನೂ ಅದೇ ದನಿಯಲ್ಲಿ ಓದಿಬಿಟ್ಟೆ. ಬರುವ ಬುಧವಾರ ಕೊಪ್ಪದ ಛತ್ರದಲ್ಲಿ ಕಣ್ಣಿನ ಉಚಿತ ಶಿಬಿರ, ಪೊರೆ ಇರುವವರು ಬರಬೇಕು ಅಂತ. ಅಂಕಯ್ಯನ ಎರಡು ಕಣ್ಣಿಗೂ ಪೊರೆ ಬಂದಿದೆ. ಬುಧವಾರ ಬೆಳಿಗ್ಗೆ ಅವನು ಒಗೆದ ಪಂಚೆ ಉಟ್ಟು, ಯಾರಿಗೂ ಹೇಳದೆ, ಕಂಡಕ್ಟರನ ಕೈ ಹಿಡಿದು ಬಸ್ಸು ಹತ್ತಿದ. ಬೀಗ ಹಾಕಿದ ಛತ್ರದ ಬಾಗಿಲಲ್ಲಿ ನಾನೇ ಮೊದಲು ಬಂದೆ ಅಂದುಕೊಂಡು ಮೂರು ಗಂಟೆಯವರೆಗೆ ಕೂತಿದ್ದ. ಆಮೇಲೆ ಯಾರೋ ಪುಣ್ಯಾತ್ಮರು, ‘ಅಜ್ಜ, ಅದು ಹೋದ ವರ್ಷವೇ ಮುಗೀತು’ ಅಂತ ಹೇಳಿ ವಾಪಸು ಬಸ್ಸಿಗೆ ಹತ್ತಿಸಿದ್ದಾರೆ.

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ನಂಗೆ ಕಣ್ ಕಾಣಾಕಿಲ್ಲ ಅಂತ ನೀನೂನೂವೇ?’ ಅಂದ. ಅಷ್ಟೇ. ಈಗ ಹಾಲಿನ ಡೈರಿ ಮುಂದಿನ ಕಲ್ಲಿನ ಮೇಲೆ ಕೂರುತ್ತಾನೆ. ನಾನು ಆ ಕಡೆ ಹೋದರೆ ಎದ್ದು ಹೋಗುತ್ತಾನೆ. ಮುಖ ಕಾಣದಿದ್ದರೂ ನನ್ನ ಕೆಮ್ಮು ಅವನಿಗೆ ಗೊತ್ತು. ಚಪ್ಪರದಲ್ಲೂ ನನ್ನನ್ನು ಯಾರೂ ಓದು ಅನ್ನುವುದಿಲ್ಲ. ಕಡ್ಡಿ ಎಣಿಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಸುಳ್ಳು ಹೇಳಿದ್ದು ನಾನು, ಅದರಲ್ಲಿ ನಿಮಗೆ ಪಾಲು ಕೊಡುವುದಿಲ್ಲ. ಆದರೆ ನಿಜ ಓದುವ ದಾರಿ ಮುಚ್ಚಿದವರು ಯಾರು? ಆ ಸಹಿಯ ಪಕ್ಕದಲ್ಲಿ ಕೇಳಿದವರಿಗೂ ಒಂದು ಕಾಲಂ ಎಳೆಯಿರಿ, ಹದಿನೈದು ಹೆಬ್ಬೆಟ್ಟು ನಾನೇ ತಂದು ಒತ್ತಿಸುತ್ತೇನೆ. ನನಗೆ ಹೊಸ ಪೇಪರ್ ಬೇಕು. ಅದನ್ನು ಅಂಕಯ್ಯನ ಮನೆ ಮುಂದೆ ರಸ್ತೆಯಲ್ಲಿ ನಿಂತು, ತಾರೀಕಿನಿಂದ ಶುರುಮಾಡಿ, ಗಟ್ಟಿಯಾಗಿ ಓದುತ್ತೇನೆ. ಯಾವನಾದರೂ ಮಂತ್ರಿ ಏನಾದರೂ ಅಂದೇ ಅಂದಿರುತ್ತಾನೆ. ಅದಕ್ಕೆ ಒಂದು ಮಾತು ಬೈಯದೆ ಒಳಗೆ ಕೂರುವ ಶಕ್ತಿ ಅಂಕಯ್ಯನಿಗೆ ಇಲ್ಲ. ನಲವತ್ತು ವರ್ಷ ನೋಡಿದ್ದೇನೆ.

ಸೊಪ್ಪು ಕಟ್ಟುವುದು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಪೇಪರ್ ಬರುತ್ತದೋ ಇಲ್ಲವೋ, ಸೆಪ್ಟೆಂಬರ್ ಇಪ್ಪತ್ತರೊಳಗೆ ಉತ್ತರ ಕೊಡಿ. ಬಾಯಲ್ಲಿ ಬೇಡ, ಬರೆದು ಕೊಡಿ.

ಇಂತಿ,
ನಿಮ್ಮ ರಿಜಿಸ್ಟರಿನ ಒಬ್ಬನೇ ಓದುಗ, ಈಗ ನಿಜವಾಗಿಯೂ ಒಬ್ಬನೇ ಆದ
ದೇವಯ್ಯ